ಸ್ಟಾಕ್‌ಹೋಮ್‌ನಲ್ಲಿ ಸಿಗೋದು ಒಂದೇ ದಿನ: ಮುಳುಗಿದ ಹಡಗು ನೋಡಲು ಅರ್ಧ ದಿನ ಕೊಡಬಹುದಾ?

ಮಗಳ_ಅಪ್ಪ
ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಮುಂದಿನ ತಿಂಗಳು ಸ್ಟಾಕ್‌ಹೋಮ್‌ಗೆ ಹೋಗುತ್ತಿದ್ದೇನೆ. ಹೆಂಡತಿ, 8 ವರ್ಷದ ಮಗಳು ಜೊತೆಗಿರುತ್ತಾರೆ. ಊರು ಸುತ್ತಲು ಸಿಗುವುದು ಒಂದು ಶನಿವಾರ ಮಾತ್ರ. ಯಾರನ್ನು ಕೇಳಿದರೂ ನೀರಿನ ದಡದಲ್ಲಿರುವ ವಾಸಾ ಮ್ಯೂಸಿಯಂ ಬಿಡಬೇಡಿ ಅನ್ನುತ್ತಾರೆ. ಒಂದೇ ಹಡಗು ಅಂತೆ, ಅದೂ ಮುಳುಗಿ ಹೋಗಿದ್ದು. ಮ್ಯೂಸಿಯಂ ಅಂದರೆ ನನ್ನ ಮಗಳು ಇಪ್ಪತ್ತು ನಿಮಿಷಕ್ಕೆ "ಅಪ್ಪಾ, ಹೋಗೋಣ" ಅನ್ನುವವಳು. ನೋಡಿದವರು ಯಾರಾದರೂ ಇದ್ದರೆ ನಿಜ ಹೇಳಿ. ಅರ್ಧ ದಿನ ಕೊಡುವಷ್ಟು ಇದೆಯಾ?

ಸ್ಟಾಕ್‌ಹೋಮ್_ಮೈಸೂರಿಗ
ಇದೆ ಸರ್, ಕಣ್ಣು ಮುಚ್ಚಿ ಹೋಗಿ. ನಾನಿಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೈಸೂರಿನಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಹೋಗಿ ನಂಗೆ ಆ ಹಡಗಿನ ಮೇಲೆ ಕೆತ್ತಿದ ಒಂದೊಂದು ಸಿಂಹವೂ ಪರಿಚಯ.

ಮೊದಲು ಕೆಲಸಕ್ಕೆ ಬರುವ ಮಾತು. ಸ್ಲುಸೆನ್‌ನಿಂದ ಯೂರ್ಗೊರ್ಡೆನ್ ದ್ವೀಪಕ್ಕೆ ಫೆರ್ರಿ ಇದೆ. ಬಸ್ಸು, ಮೆಟ್ರೋಗೆ ತೆಗೆದುಕೊಂಡ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ಇಳಿದು ಹತ್ತು ನಿಮಿಷ ನಡೆದರೆ ಆಯ್ತು. ದೂರದಿಂದಲೇ ಗುರುತು ಸಿಗುತ್ತದೆ. ತಾಮ್ರದ ಚಾವಣಿಯ ಮೇಲೆ ಮೂರು ಕಂಬ ಎದ್ದು ನಿಂತಿರುತ್ತವೆ. ಹಡಗಿನ ಹಾಯಿಕಂಬಗಳು ಅಸಲಿಗೆ ಎಷ್ಟು ಎತ್ತರ ಇದ್ದವು ಅಂತ ತೋರಿಸಲು ಹಾಗೆ ಕಟ್ಟಿದ್ದಾರೆ. 18 ವರ್ಷದವರೆಗೆ ಮಕ್ಕಳಿಗೆ ಟಿಕೆಟ್ ಇಲ್ಲ.

ಬೇಸಿಗೆ ಅಂತ ಸುಮ್ನೆ ಟೀಶರ್ಟಿನಲ್ಲಿ ಹೋಗಬೇಡಿ. ಒಳಗೆ ವರ್ಷವಿಡೀ 18ರಿಂದ 20 ಡಿಗ್ರಿ, ಬೆಳಕೂ ಮಬ್ಬು. ಎರಡೂ ನಮಗೋಸ್ಕರ ಅಲ್ಲ, ಹಡಗಿಗೋಸ್ಕರ. ಮಗಳಿಗೆ ಒಂದು ಜಾಕೆಟ್ ಇಟ್ಟುಕೊಳ್ಳಿ.

ಬಾಗಿಲು ದಾಟಿದ ತಕ್ಷಣ ಎದುರಿಗೆ ನಿಂತಿರುತ್ತದೆ. ಮಾದರಿ ಅಲ್ಲ, ಪೂರ್ತಿ ಹಡಗು. 69 ಮೀಟರ್ ಉದ್ದ, ಕಪ್ಪಗೆ, ಹಿಂಭಾಗ ನಮ್ಮ ಚಾಮುಂಡಿ ಬೆಟ್ಟದ ಗೋಪುರದ ಹಾಗೆ ಮೇಲಿನವರೆಗೂ ಕೆತ್ತನೆ. ಅದರಲ್ಲಿ 98 ಪರ್ಸೆಂಟ್ ಅಸಲಿ ಮರ. 1628ರದ್ದು! ನಿಮ್ಮ ಮಗಳು ಇಪ್ಪತ್ತು ನಿಮಿಷ ಬಾಯಿ ತೆರೆದುಕೊಂಡೇ ನಿಂತಿರುತ್ತಾಳೆ, ಅಲ್ಲಿಗೆ ನಿಮ್ಮ ಲೆಕ್ಕ ತಪ್ಪಿತು.

ಸುಮ್ನೆ_ಒಬ್ಬ
ನನಗೊಂದು ಅರ್ಥ ಆಗುವುದಿಲ್ಲ. ಮೊದಲನೇ ದಿನವೇ ಮುಳುಗಿದ ಹಡಗು ಅದು. ಯುದ್ಧ ಮಾಡಲಿಲ್ಲ, ಒಂದು ಬಂದರಿಗೂ ಹೋಗಲಿಲ್ಲ. ಸೋತ ಹಡಗಿಗೆ ಇಷ್ಟು ದೊಡ್ಡ ಮನೆ ಕಟ್ಟಿ ಕೋಟಿಗಟ್ಟಲೆ ಸುರಿಯುವುದು ಎಂಥ ಹುಚ್ಚು?

ತಿರುಪುಮೊಳೆ
ಸುಮ್ನೆ_ಒಬ್ಬ ಅವರೇ, ಸೋತಿದ್ದಕ್ಕೇ ಉಳಿದಿದ್ದು. ಗೆದ್ದ ಹಡಗುಗಳೆಲ್ಲ ಎಲ್ಲಿ ಈಗ? ಹಳೆಯದಾದವು, ಮರ ಕಳಚಿ ಮಾರಿದರು, ಕೊಳೆತವು. ಇದರ ಜೊತೆಯಲ್ಲೇ ಕಟ್ಟಿದ ತಂಗಿ ಹಡಗು ಎಪ್ಲೆಟ್ 30 ವರ್ಷ ಚೆನ್ನಾಗಿ ದುಡಿಯಿತು. ಕೊನೆಗೆ 1659ರಲ್ಲಿ ಅವರೇ ವಾಕ್ಸ್‌ಹೋಮ್ ಹತ್ತಿರ ಬೇಕಂತಲೇ ಮುಳುಗಿಸಿದರು. 2021ರಲ್ಲಿ ಡೈವರ್‌ಗಳಿಗೆ ಸಿಕ್ಕಿತು. ಅದನ್ನು ನೋಡಲು ಯಾರು ಕ್ಯೂ ನಿಲ್ಲುತ್ತಾರೆ ಹೇಳಿ?

ನಾನು ಮೆಕ್ಯಾನಿಕಲ್ ಇಂಜಿನಿಯರ್. ಆ ಮ್ಯೂಸಿಯಂನಲ್ಲಿ ನಾಲ್ಕು ಗಂಟೆ ಕಳೆದವನು. ಮುಳುಗಿದ ಕಥೆ ಸ್ವಲ್ಪ ಉದ್ದ ಇದೆ, ತಾಳ್ಮೆ ಇದ್ದವರು ಓದಿ.

ಸ್ವೀಡನ್ನಿನ ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಆಗ ಪೋಲೆಂಡಿನವರ ಜೊತೆ ಯುದ್ಧದಲ್ಲಿದ್ದ. ಬೇಗ ಮುಗಿಸಿ, ಬೇಗ ಕಳಿಸಿ ಅಂತ ಅಲ್ಲಿಂದಲೇ ಕಾಗದದ ಮೇಲೆ ಕಾಗದ. 64 ಫಿರಂಗಿ, ಎರಡು ಅಂತಸ್ತಿನಲ್ಲಿ. ಹಡಗು ಕಟ್ಟುತ್ತಿದ್ದ ಮೇಸ್ತ್ರಿ ಹೆನ್ರಿಕ್ ಹ್ಯುಬರ್ಟ್‌ಸನ್ ಡಚ್ಚಿನವನು. ಕಾಯಿಲೆ ಬಿದ್ದು 1627ರಲ್ಲೇ ತೀರಿಕೊಂಡ. ಮುಗಿಸಿದ್ದು ಇನ್ನೊಬ್ಬ.

ಹೊರಡುವ ಮೊದಲು ದಡದಲ್ಲಿ ಕಟ್ಟಿದ್ದಾಗಲೇ ಒಂದು ಪರೀಕ್ಷೆ ಮಾಡಿದರು. 30 ಆಳುಗಳು ಡೆಕ್ಕಿನ ಮೇಲೆ ಈ ಬದಿಯಿಂದ ಆ ಬದಿಗೆ ಒಟ್ಟಿಗೆ ಓಡಬೇಕು, ಹಡಗು ಎಷ್ಟು ವಾಲುತ್ತದೆ ನೋಡಬೇಕು. ಮೂರು ಸಲ ಓಡುವಷ್ಟರಲ್ಲಿ ಎಷ್ಟು ವಾಲಿತೆಂದರೆ ಅಡ್ಮಿರಲ್ ಕ್ಲಾಸ್ ಫ್ಲೆಮಿಂಗ್ ಅಲ್ಲಿಗೇ ನಿಲ್ಲಿಸಿಬಿಟ್ಟ. ಓಡೋದನ್ನು ನಿಲ್ಲಿಸಿದ, ಹಡಗನ್ನು ನಿಲ್ಲಿಸಲಿಲ್ಲ. ರಾಜ ಊರಲ್ಲಿಲ್ಲ, ಅವನಿಗೆ ಹೇಳುವವರು ಯಾರು? ಪ್ರಾಜೆಕ್ಟ್ ಕೆಲಸ ಮಾಡಿದವರಿಗೆ ಈ ಜಾಗ ಚೆನ್ನಾಗಿ ಅರ್ಥವಾಗುತ್ತದೆ.

1628 ಆಗಸ್ಟ್ 10, ಭಾನುವಾರ ಸಂಜೆ. ಹತ್ತು ಹಾಯಿಯಲ್ಲಿ ನಾಲ್ಕು ಬಿಚ್ಚಿದ್ದರು. ಗಾಳಿ ಬೀಸಿತು, ಹಡಗು ಎಡಕ್ಕೆ ವಾಲಿತು. ಕೆಳಗಿನ ಅಂತಸ್ತಿನ ಫಿರಂಗಿ ಕಿಂಡಿಗಳು ತೆರೆದೇ ಇದ್ದವು. ನೀರು ಅದರಿಂದಲೇ ನುಗ್ಗಿತು. ಒಟ್ಟು ಸಾಗಿದ ದೂರ ಸುಮಾರು 1300 ಮೀಟರ್. ಮೊದಲ ಪಯಣ ಅಂತ ಹೆಂಡತಿ ಮಕ್ಕಳನ್ನೂ ಹತ್ತಿಸಿಕೊಂಡಿದ್ದರು. ಸುಮಾರು 30 ಜನ ಸತ್ತರು.

ಒಗ್ಗರಣೆ
ತಳಕ್ಕೆ ಇನ್ನಷ್ಟು ಕಲ್ಲು ತುಂಬಿದ್ದರೆ ಸರಿ ಹೋಗುತ್ತಿರಲಿಲ್ವಾ?

ತಿರುಪುಮೊಳೆ
ಮೇಡಂ, ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ತಳದಲ್ಲಿ ಸುಮಾರು 120 ಟನ್ ಕಲ್ಲು ಇತ್ತು. ಇನ್ನೂ ಹಾಕಿದರೆ ಹಡಗು ಇನ್ನೂ ತಗ್ಗುತ್ತದೆ, ಕೆಳಗಿನ ಕಿಂಡಿಗಳು ನೀರಿಗೆ ಇನ್ನೂ ಹತ್ತಿರ ಬರುತ್ತವೆ. ರೋಗ ತಳದ್ದಲ್ಲ, ಮೇಲಿನದು. ಎತ್ತಿನ ಗಾಡಿಗೆ ಹುಲ್ಲು ಎತ್ತರಕ್ಕೆ ಹೇರಿದ ಹಾಗೆ. ನೆಲ ಸಮ ಇರುವವರೆಗೂ ಹೋಗುತ್ತದೆ, ಒಂದು ಚಕ್ರ ತಗ್ಗಿಗೆ ಇಳಿಯಿತೋ ಮುಗೀತು. ಫಿರಂಗಿ ಜಾಸ್ತಿ ಆಯ್ತು ಅಂತ ಎಲ್ಲರೂ ಹೇಳುತ್ತಾರೆ. ಫಿರಂಗಿಗಿಂತ ನೀರಿನ ಮೇಲಿನ ಮರದ ಕಟ್ಟಡವೇ ಮಿತಿಮೀರಿ ಭಾರ ಇತ್ತು. ತೊಲೆಗಳೆಲ್ಲ ಬೇಕಾದ್ದಕ್ಕಿಂತ ದಪ್ಪ.

ಇನ್ನೊಂದು ಮಜಾ ಇದೆ. ಹಡಗಿನೊಳಗೆ ಮೇಸ್ತ್ರಿಗಳ ನಾಲ್ಕು ಅಳತೆ ಪಟ್ಟಿ ಸಿಕ್ಕಿವೆ. ಎರಡು ಸ್ವೀಡನ್ನಿನ ಅಡಿ, ಅಂದರೆ 12 ಇಂಚು. ಎರಡು ಆಮ್‌ಸ್ಟರ್‌ಡ್ಯಾಮ್ ಅಡಿ, 11 ಇಂಚು! ಒಂದೇ ಹಡಗಿಗೆ ಎರಡು ಗುಂಪು, ಎರಡು ಅಡಿ. ಹಡಗನ್ನು ಈಗ ಅಳೆದರೆ ಎಡಕ್ಕೂ ಬಲಕ್ಕೂ ಸರಿಸಮ ಇಲ್ಲ.

ಉಪ್ಪುನೀರು
11 ಇಂಚಿನ ಅಡಿ 😄 ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಅಜ್ಜನ ಕೈವಾಡ ಉಂಟು ಮಾರಾಯ್ರೆ.

ಸುಮ್ನೆ_ಒಬ್ಬ
ಆಮೇಲೆ ಯಾರನ್ನು ಗಲ್ಲಿಗೆ ಹಾಕಿದರು?

ತಿರುಪುಮೊಳೆ
ಯಾರನ್ನೂ ಇಲ್ಲ. ವಿಚಾರಣೆ ಆಯ್ತು. ಕ್ಯಾಪ್ಟನ್ ಸೋಫ್ರಿಂಗ್ ಹಾನ್ಸನ್‌ನನ್ನು ಹಿಡಿದು, ಕುಡಿದಿದ್ದಿರಾ, ಫಿರಂಗಿ ಕಟ್ಟಿರಲಿಲ್ವಾ ಅಂತೆಲ್ಲ ಕೇಳಿದರು. ಎಲ್ಲ ಸರಿ ಇತ್ತು ಅಂದ. ಹಡಗು ಕಟ್ಟಿದವರನ್ನು ಕೇಳಿದರೆ ರಾಜ ಒಪ್ಪಿದ ಅಳತೆಯಂತೆಯೇ ಕಟ್ಟಿದ್ದೇವೆ ಅಂದರು. ಮೂಲ ಮೇಸ್ತ್ರಿ ಸತ್ತು ವರ್ಷವಾಗಿದೆ. ಇನ್ನು ಉಳಿದಿದ್ದು ರಾಜ. ಫೈಲು ಅಲ್ಲಿಗೇ ಮುಚ್ಚಿತು.

ಉಪ್ಪುನೀರು
ನಾನು ಮಲ್ಪೆ ಕಡೆಯವನು. ನನ್ನ ತಲೆಗೆ ಹೋಗದ್ದು ಬೇರೆ ವಿಷಯ. 333 ವರ್ಷ ನೀರಿನಡಿ ಮರ ಉಳಿಯುವುದು ಹೇಗೆ? ನಮ್ಮಲ್ಲಿ ಮರದ ದೋಣಿಯನ್ನು ಉಪ್ಪುನೀರಲ್ಲಿ ಬಿಟ್ಟರೆ ಕೊರೆಯುವ ಹುಳ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಸೂಜಿ ಚುಚ್ಚಿದಷ್ಟು ತೂತು. ಹಲಗೆ ಸೀಳಿದರೆ ಒಳಗೆ ಬೆರಳು ಹೋಗುವಷ್ಟು ಸುರಂಗ, ಜೇನುಗೂಡಿನ ಹಾಗೆ. ನಮ್ಮ ಅಜ್ಜ ದೋಣಿಯನ್ನು ದಡಕ್ಕೆ ಎಳೆದು, ಒಣಗಿಸಿ, ಗೇರುಸಿಪ್ಪೆಯ ಎಣ್ಣೆ, ಬೂತಾಯಿ ಎಣ್ಣೆ ಬಳಿಯುತ್ತಿದ್ದರು. ಆ ನಾತಕ್ಕೆ ನಾವು ಮಕ್ಕಳು ಮನೆಯ ಹಿಂದಿನ ಬಾಗಿಲಿನಿಂದ ಓಡುತ್ತಿದ್ದೆವು. ಈಗ ಎಲ್ಲ ಫೈಬರ್. ಎಣ್ಣೆ ಬಳಿದು ಬಳಿದು ಕಾಪಾಡಿದ ದೋಣಿಯೇ ಇಪ್ಪತ್ತು ಮೂವತ್ತು ವರ್ಷಕ್ಕೆ ಸುಸ್ತು. ಇದೆಂತ ಮಾಯೆ?

ಒಗ್ಗರಣೆ
ಉಪ್ಪುನೀರು ಅವರೇ, ನಿಮ್ಮ ಹೆಸರಲ್ಲೇ ಉತ್ತರ ಇದೆ! ನಾನು ಕೆಮಿಸ್ಟ್ರಿ ಪಾಠ ಹೇಳುವವಳು, ಹಾಗಾಗಿ ಇದು ನನ್ನ ಪಾಲು.

ಆ ಹುಳಕ್ಕೆ ಉಪ್ಪು ಬೇಕು. ನಮ್ಮ ಅರಬ್ಬಿ ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಸ್ಟಾಕ್‌ಹೋಮ್ ಹತ್ತಿರ ಬಾಲ್ಟಿಕ್ ನೀರಲ್ಲಿ ಐದಾರು ಗ್ರಾಂ ಅಷ್ಟೇ. ಬೇಳೆ ಸಾರಿಗೆ ಉಪ್ಪು ಮರೆತ ಹಾಗೆ. ಹುಳ ಅಲ್ಲಿ ಬದುಕುವುದೇ ಇಲ್ಲ. ಜೊತೆಗೆ ನೀರು ತಣ್ಣಗೆ, 32 ಮೀಟರ್ ಆಳದಲ್ಲಿ ಕತ್ತಲು, ಅರ್ಧ ಹಡಗು ಕೆಸರಿನಲ್ಲಿ ಹೂತಿತ್ತು.

ಇನ್ನೊಂದು ಕಾರಣ ಕೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಸ್ಟಾಕ್‌ಹೋಮ್‌ನ ಕೊಳಚೆಯೆಲ್ಲ ಶತಮಾನಗಟ್ಟಲೆ ಅದೇ ನೀರಿಗೆ ಬರುತ್ತಿತ್ತು. ತಳದಲ್ಲಿ ಆಮ್ಲಜನಕವೇ ಇಲ್ಲ. ಮರ ತಿನ್ನುವ ಬಹಳಷ್ಟು ಜೀವಿಗಳು ಅಲ್ಲಿ ಬದುಕುವಂತಿರಲಿಲ್ಲ. ಊರಿನ ಗಲೀಜು ಹಡಗನ್ನು ಕಾಪಾಡಿತು. ಆದರೆ ಅದೇ ಗಲೀಜಿನಿಂದ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಹುಟ್ಟಿ, ಆ ಗಂಧಕ ಮರದೊಳಗೆ ಇಳಿದು ಕೂತಿತು. ಅದರ ಸಾಲ ಈಗ ತೀರಿಸುತ್ತಿದ್ದಾರೆ, ಆಮೇಲೆ ಹೇಳುತ್ತೇನೆ. ಬೆಲ್ ಆಯ್ತು, ಕ್ಲಾಸಿಗೆ ಹೋಗಬೇಕು.

ಕಾರವಾರ_ಕಡಲು
ಮೇಡಂ ಬರುವವರೆಗೆ ನಾನೊಂದು ಮಾತು ಸೇರಿಸುತ್ತೇನೆ. ಸ್ಟಾಕ್‌ಹೋಮ್‌ಗೆ ಹೋಗಲು ಆಗದ ನಮ್ಮಂಥವರಿಗೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಪಲ್ ಇದೆ. ಅದೂ ದಡದಲ್ಲಿ ನಿಂತ ಯುದ್ಧನೌಕೆ, ಒಳಗೆ ಹತ್ತಿ ನೋಡಬಹುದು. 2005ರಲ್ಲಿ ನಿವೃತ್ತಿ, 2006ರಿಂದ ಮ್ಯೂಸಿಯಂ. ಈಗ ಪಕ್ಕದಲ್ಲೇ ದೊಡ್ಡ ಟುಪೊಲೆವ್ ವಿಮಾನವೂ ನಿಂತಿದೆ.

ಒಂದು ವಿಷಯ ಮಾತ್ರ ಎಲ್ಲರಿಗೂ ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಈ ಚಪಲ್ 1971ರಲ್ಲಿ ಕರಾಚಿಗೆ ಹೋಗಿ ಹೊಡೆದ ಹಡಗು ಅಂತ ಬಂದವರೆಲ್ಲ ಮಕ್ಕಳಿಗೆ ಹೇಳುತ್ತಾರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿ ದಾಳಿಗೆ ಮೊದಲು ಹೋದದ್ದು ನಿಪಾತ್, ನಿರ್ಘಾತ್, ವೀರ್. ಅದೇ ರಷ್ಯಾದ ಓಸಾ ಜಾತಿಯ ಸ್ವಲ್ಪ ಹಳೆಯ ಕ್ಷಿಪಣಿ ದೋಣಿಗಳು. ಚಪಲ್ ಅವುಗಳ ತಮ್ಮ ಅಂತ ಹೇಳಿ ಬೇಕಾದರೆ. ಇರುವ ಕಥೆಯೇ ಚೆನ್ನಾಗಿರುವಾಗ ಇಲ್ಲದ್ದನ್ನು ಯಾಕೆ ಅಂಟಿಸಬೇಕು?

ಮಗಳ_ಅಪ್ಪ
ನಾನು ಕೇಳಿದ್ದು ಅರ್ಧ ದಿನ ಕೊಡಬಹುದಾ ಅಂತ, ಸಿಕ್ಕಿದ್ದು ಯೂನಿವರ್ಸಿಟಿ 😊 ಖುಷಿ ಆಯ್ತು. ಸರಿ, ಇಷ್ಟು ದೊಡ್ಡದನ್ನು ಮೇಲೆ ಎತ್ತಿದ್ದು ಹೇಗೆ?

ಸ್ಟಾಕ್‌ಹೋಮ್_ಮೈಸೂರಿಗ
ಮೊದಲು ಎತ್ತಿದ್ದು ಹಡಗನ್ನಲ್ಲ, ಫಿರಂಗಿಗಳನ್ನು. 1660ರ ದಶಕದಲ್ಲಿ ಗಂಟೆಯಾಕಾರದ ಸೀಸದ ಕೊಳಗದಂಥದ್ದರ ಕೆಳಗೆ ಮನುಷ್ಯನನ್ನು ನಿಲ್ಲಿಸಿ, ಅದರೊಳಗಿನ ಗಾಳಿಯಲ್ಲೇ ಉಸಿರಾಡುತ್ತಾ ಕತ್ತಲಲ್ಲಿ 50ಕ್ಕಿಂತ ಜಾಸ್ತಿ ಫಿರಂಗಿ ಎತ್ತಿದರು. ಕಂಚು ಅಂದರೆ ದುಡ್ಡು ಅಲ್ವಾ! ಹಡಗಿನ ಜೊತೆ ಕೊನೆಗೆ ಉಳಿದಿದ್ದು ಮೂರೇ.

ಆಮೇಲೆ ಎಲ್ಲರೂ ಮರೆತರು. ಆಂಡರ್ಸ್ ಫ್ರಾನ್ಸೆನ್ ಅಂತ ಒಬ್ಬ, ಹುಳ ತಿನ್ನದ ನೀರಲ್ಲಿ ಹಳೆ ಹಡಗು ಇದ್ದೇ ಇರುತ್ತದೆ ಅಂತ ವರ್ಷಗಟ್ಟಲೆ ಹುಡುಕಿದ. ದೋಣಿಯಲ್ಲಿ ಕೂತು, ಹಗ್ಗದ ತುದಿಗೆ ಮರ ಚುಚ್ಚಿ ತೆಗೆಯುವ ಒಂದು ಕಬ್ಬಿಣದ ಸಾಧನ ಕಟ್ಟಿ ಕೆಳಗೆ ಬಿಡುವುದು, ಎಳೆಯುವುದು. 1956ರಲ್ಲಿ ಅದರ ಮೂತಿಯಲ್ಲಿ ಕಪ್ಪಾದ ಓಕ್ ತುಂಡು ಬಂತು.

ಎತ್ತುವ ಮೊದಲು ಡೈವರ್‌ಗಳು ಹಡಗಿನ ಕೆಳಗೆ ಆರು ಸುರಂಗ ತೋಡಿದರು. ಕೆಸರಿನಲ್ಲಿ, ಏನೂ ಕಾಣದ ಕಡೆ, ತಲೆಯ ಮೇಲೆ ನೂರಾರು ಟನ್ನಿನ ಹಡಗು. ಯಾವಾಗ ಕೂರುತ್ತದೋ ಗೊತ್ತಿಲ್ಲ. ಒಬ್ಬರೂ ಸಾಯಲಿಲ್ಲ. ಸುರಂಗದಲ್ಲಿ ಉಕ್ಕಿನ ಹಗ್ಗ ಹಾಯಿಸಿ, ಮೇಲೆ ಎರಡು ಪಾಂಟೂನ್‌ಗೆ, ಅಂದರೆ ತೇಲುವ ದೊಡ್ಡ ತೊಟ್ಟಿಗಳಿಗೆ, ಕಟ್ಟಿದರು. ಪಾಂಟೂನ್‌ಗೆ ನೀರು ತುಂಬಿದರೆ ತಗ್ಗುತ್ತದೆ, ಹಗ್ಗ ಬಿಗಿದು ನೀರು ಹೊರಹಾಕಿದರೆ ಏಳುತ್ತದೆ, ಹಡಗೂ ಜೊತೆಗೆ ಅಷ್ಟು ಏಳುತ್ತದೆ. ಹೀಗೆ 18 ಸಲ ಎತ್ತಿ ಎತ್ತಿ ಆಳ ಕಡಿಮೆ ಇರುವ ಕಡೆಗೆ ತಂದರು. ಕಬ್ಬಿಣದ ಮೊಳೆಗಳೆಲ್ಲ ತುಕ್ಕು ಹಿಡಿದು ಕರಗಿ ಹೋಗಿದ್ದವಲ್ಲ, ಆ ಸಾವಿರಾರು ತೂತುಗಳಿಗೆ ನೀರಿನಡಿಯೇ ಬೆಣೆ ಹೊಡೆದರು. 1961 ಏಪ್ರಿಲ್ 24ರಂದು ಮೇಲೆ ಬಂತು. ಕೆಲವೇ ದಿನಕ್ಕೆ ತನ್ನ ತಳದ ಮೇಲೇ ತೇಲಿತು!

ಒಗ್ಗರಣೆ
ಬಂದೆ. ಮೇಲೆ ಬಂದದ್ದೇ ಮುಗಿಯಿತು ಅಂದುಕೊಳ್ಳಬೇಡಿ, ನಿಜವಾದ ಕಷ್ಟ ಆಮೇಲೆ. ನೀರು ಕುಡಿದು ಊದಿದ ಮರವನ್ನು ಹಾಗೇ ಒಣಗಲು ಬಿಟ್ಟರೆ ಸುಕ್ಕುಗಟ್ಟಿ, ಸೀಳಿ, ಸೌದೆ ಆಗುತ್ತದೆ. ಹಾಗಾಗಿ ನೀರು ಹೋಗುವ ಜಾಗಕ್ಕೆ ಬೇರೇನಾದರೂ ತುಂಬಬೇಕು. ನೆಲ್ಲಿಕಾಯಿ ಮೊರಬ್ಬ ಮಾಡುವುದಿಲ್ವಾ, ಕಾಯಿಯ ನೀರು ಹೋಗಿ ಸಕ್ಕರೆ ಪಾಕ ಒಳಗೆ ಕೂರುತ್ತದೆ, ಆಕಾರ ಉಳಿಯುತ್ತದೆ. ಇಲ್ಲಿ ಸಕ್ಕರೆಯ ಬದಲು ಪಾಲಿಎಥಿಲೀನ್ ಗ್ಲೈಕಾಲ್. ಮೇಣದಂಥ ವಸ್ತು, ಮುಲಾಮು ಕ್ರೀಮುಗಳಲ್ಲೂ ಹಾಕುತ್ತಾರೆ. ಅದನ್ನು ನೀರಲ್ಲಿ ಕರಗಿಸಿ ಹಡಗಿನ ಮೇಲೆ ಸಿಂಪಡಿಸಿದರು. ಎಷ್ಟು ಕಾಲ ಗೊತ್ತಾ? 17 ವರ್ಷ! 1962ರಿಂದ 1979. ಆಮೇಲೆ ನಿಧಾನವಾಗಿ ಒಣಗಿಸಲು ಇನ್ನೂ ಒಂಬತ್ತು ವರ್ಷ. ಈಗಿನ ಮ್ಯೂಸಿಯಂ ತೆರೆದಿದ್ದು 1990ರಲ್ಲಿ. ಅಲ್ಲಿಯವರೆಗೆ ಜನ ತಾತ್ಕಾಲಿಕ ಶೆಡ್ಡಿನಲ್ಲಿ ಸಿಂಪರಣೆ ನೋಡಿ ಬರುತ್ತಿದ್ದರು.

ಈಗ ಆ ಗಂಧಕದ ಸಾಲಕ್ಕೆ ಬರೋಣ. 2000ರ ಬೇಸಿಗೆಯಲ್ಲಿ ವಿಪರೀತ ಮಳೆ. ಒದ್ದೆ ಕೋಟು ಹಾಕಿಕೊಂಡ ಜನ ಗುಂಪು ಗುಂಪಾಗಿ ಒಳಗೆ ಬಂದರು. ಒಳಗಿನ ತೇವ ಏರಿತು. ಮರದ ಮೇಲೆ ಅಲ್ಲಲ್ಲಿ ಬಿಳಿ, ಹಳದಿ ಬೂಷ್ಟಿನಂಥ ಉಪ್ಪು ಕಾಣಿಸಿತು. ನೋಡಿದರೆ ಮರದೊಳಗಿನ ಗಂಧಕ ಗಾಳಿಯ ಆಮ್ಲಜನಕ ಸೇರಿ ಸಲ್ಫ್ಯೂರಿಕ್ ಆಸಿಡ್ ಆಗುತ್ತಿದೆ. ಕರಗಿದ ಮೊಳೆಗಳ ಕಬ್ಬಿಣ ಆ ಕೆಲಸಕ್ಕೆ ಇನ್ನಷ್ಟು ವೇಗ ಕೊಡುತ್ತಿದೆ. ಆ ಮೇಲೆ ಗಾಳಿಯ ತೇವ ಹೆಚ್ಚು ಕಡಿಮೆ ಆಗದ ಹಾಗೆ ಯಂತ್ರಗಳನ್ನೇ ಹೊಸದಾಗಿ ಹಾಕಿದರು.

ತಿರುಪುಮೊಳೆ
ಮೊಳೆ ಅಂದಿರಲ್ಲ, ನನ್ನ ಹೆಸರು ಬಂದ ಹಾಗಾಯ್ತು. 1960ರ ದಶಕದಲ್ಲಿ ಹಾಕಿದ್ದ ಬೋಲ್ಟ್‌ಗಳೂ ತುಕ್ಕು ಹಿಡಿದವು. 2011ರಿಂದ 2018ರವರೆಗೆ ಕೂತು 5000ಕ್ಕೂ ಹೆಚ್ಚು ಬೋಲ್ಟ್ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದು ಹಾಕಿದರು. ನೀರಿನಲ್ಲಿ ಇದ್ದಾಗ ಹಡಗಿಗೆ ಸುತ್ತಲೂ ಆಧಾರ. ದಡದಲ್ಲಿ ಕೆಳಗಿನ ಕೆಲವು ಕಂಬಗಳ ಮೇಲೆ ತನ್ನ ಭಾರ ತಾನೇ ಹೊರಬೇಕು. ಲೇಸರ್ ಇಟ್ಟು ಅಳೆಯುತ್ತಲೇ ಇರುತ್ತಾರೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಕುಸಿಯುತ್ತದೆ. ಈಗ ಉಕ್ಕಿನ ಹೊಸ ಆಸರೆ ಕಟ್ಟುತ್ತಿದ್ದಾರೆ. ನೀವು ಹೋದಾಗ ಹಡಗಿನ ಕೆಳಗೆ ಕೆಲಸ ನಡೆಯುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅದನ್ನೂ ನೋಡಿ.

ಸುಮ್ನೆ_ಒಬ್ಬ
ಅಂದರೆ ಇನ್ನೂ ಮುಳುಗುತ್ತಲೇ ಇದೆ ಅನ್ನಿ. ನಿಧಾನವಾಗಿ.

ತಿರುಪುಮೊಳೆ
ಹೂಂ. ಈ ಸಲ ಮಾತ್ರ ಅಳೆಯುವವರು ಹೇಳಿದ್ದನ್ನು ಕೇಳುತ್ತಿದ್ದಾರೆ.

ಸ್ಟಾಕ್‌ಹೋಮ್_ಮೈಸೂರಿಗ
ಮಗಳಿಗೆ ತೋರಿಸಲು ಎರಡು ಜಾಗ ಹೇಳುತ್ತೇನೆ. ಮುಂಭಾಗದ ಕೆತ್ತನೆಯಲ್ಲಿ 20 ರೋಮನ್ ಚಕ್ರವರ್ತಿಗಳು ಸಾಲಾಗಿ ನಿಂತಿದ್ದಾರೆ. ಮೊದಲ ಚಕ್ರವರ್ತಿ ಅಗಸ್ಟಸ್ ಮಾತ್ರ ಇಲ್ಲ. ಯಾಕೆಂದರೆ ಆ ಜಾಗ ಗುಸ್ತಾವನದೇ ಅಂತೆ. ಲ್ಯಾಟಿನ್‌ನಲ್ಲಿ ಅವನ ಹೆಸರಿನ ಅಕ್ಷರ ಅದಲು ಬದಲು ಮಾಡಿದರೆ ಅಗಸ್ಟಸ್ ಆಗುತ್ತದೆ. ಹೊಗಳುಭಟರು ಎಲ್ಲ ಊರಲ್ಲೂ ಇರುತ್ತಾರೆ. ಅಲ್ಲೇ ಹತ್ತಿರ, ಬೆಂಚಿನ ಕೆಳಗೆ ಮುದುರಿ ಕೂತ ಒಬ್ಬ ಪೋಲೆಂಡಿನ ಸಾಹುಕಾರನ ಕೆತ್ತನೆ ಇದೆ. ಶತ್ರುವಿಗೆ ಅವಮಾನ ಮಾಡಲು. ನಾವಿಕರು ಶೌಚಕ್ಕೆ ಹೋಗುತ್ತಿದ್ದ ಜಾಗ ಅದರ ಪಕ್ಕದಲ್ಲೇ.

ಅಂದ ಹಾಗೆ ಈಗ ಕಪ್ಪು ಕಾಣುವ ಹಡಗು ಆಗ ನಮ್ಮ ತೇರಿನ ಹಾಗೆ ಕೆಂಪು, ಹಳದಿ, ಹಸಿರು ಬಣ್ಣ ಬಳಿದುಕೊಂಡಿತ್ತು. ಹತ್ತನೇ ಒಂದು ಅಳತೆಯ ಬಣ್ಣದ ಮಾದರಿ ಪಕ್ಕದಲ್ಲೇ ಇದೆ, ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಹಡಗಿನ ಮೇಲೆ ಇಟ್ಟು ನೋಡಿ.

ಮಗಳ_ಅಪ್ಪ
ಹೋಗಿ ಬಂದೆವು! ಹನ್ನೊಂದಕ್ಕೆ ಒಳಗೆ ಹೋದವರು ಮೂರೂವರೆಗೆ ಹೊರಗೆ ಬಂದೆವು. ಜಾಕೆಟ್ ಹೇಳಿದವರಿಗೆ ನಮ್ಮವಳ ಪರವಾಗಿ ಥ್ಯಾಂಕ್ಸ್. ನನ್ನದು ಒಯ್ದಿರಲಿಲ್ಲ, ನಾನು ನಡುಗಿದೆ.

ಮಗಳು ಬೆಂಚಿನ ಕೆಳಗಿನ ಮನುಷ್ಯನನ್ನು ಹುಡುಕಿಯೇ ಹುಡುಕಿದಳು. ಅದಾದ ಮೇಲೆ ಅವಳು ಸಿಂಹಗಳನ್ನು ಎಣಿಸಲು ಶುರು ಮಾಡಿ 40ರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ನಾನು ಒಬ್ಬ ನಾವಿಕನ ಪೆಟ್ಟಿಗೆಯ ಎದುರು ನಿಂತುಬಿಟ್ಟಿದ್ದೆ. ಒಂದು ಹ್ಯಾಟು, ಶೂ, ಕೈಗವಸು, ಸೂಜಿದಾರದ ಸಾಮಾನು, ಒಂದಿಷ್ಟು ಚಿಲ್ಲರೆ. ಹಾಸ್ಟೆಲಿಗೆ ಹೊರಟಾಗ ನಮ್ಮಮ್ಮ ಟ್ರಂಕಿನಲ್ಲಿ ತುಂಬಿಕೊಟ್ಟಿದ್ದು ಹೆಚ್ಚುಕಮ್ಮಿ ಇದನ್ನೇ. ಹ್ಯಾಟು ಒಂದು ಬಿಟ್ಟು.

ಹೆಂಡತಿಗೆ ತಟ್ಟಿದ್ದು ಕೆಳಗಿನ ಅಂತಸ್ತು. ಸಿಕ್ಕ ಎಲುಬುಗಳನ್ನು ಅಲ್ಲಿ ಇಟ್ಟಿದ್ದಾರೆ. ಒಂದು ಅಸ್ಥಿಪಂಜರವನ್ನು ಗಂಡಸು ಅಂದುಕೊಂಡು ಗುಸ್ತಾವ್ ಅಂತ ಕರೆಯುತ್ತಿದ್ದರಂತೆ. 2023ರಲ್ಲಿ ಡಿಎನ್‌ಎ ನೋಡಿದರೆ ಹೆಂಗಸು. ಈಗ ಗರ್ಟ್ರೂಡ್ ಅನ್ನುತ್ತಾರೆ. "ಇಷ್ಟು ವರ್ಷ ಅವಳನ್ನು ಯಾರೂ ಅವಳ ಹೆಸರಲ್ಲಿ ಕರೆಯಲೇ ಇಲ್ಲ ನೋಡಿ" ಅಂದಳು. ಈಗಿನ ಹೆಸರೂ ಇವರೇ ಇಟ್ಟಿದ್ದು ಅಲ್ವಾ ಅಂದೆ. ಮಾತಾಡಲಿಲ್ಲ.

ತಿರುಪುಮೊಳೆ ಸರ್, ಹೊಳೆಯುವ ಬೋಲ್ಟ್ ತಲೆಗಳನ್ನು ಹಡಗಿನ ಮೈ ಮೇಲೆ ಹುಡುಕಿ ನೋಡಿದೆ. ಒಗ್ಗರಣೆ ಮೇಡಂ, ನಿಮ್ಮ ಮೊರಬ್ಬದ ಕಥೆಯನ್ನು ಮಗಳಿಗೆ ಹೇಳಿದ್ದೇ ತಪ್ಪಾಯ್ತು. ಅಲ್ಲಿನ ಗೈಡ್ ಬಳಿ ಹೋಗಿ ಹಡಗು ಸಿಹಿ ಇರುತ್ತದಾ ಅಂತ ಕೇಳಿ ಬಂದಳು.

ಒಗ್ಗರಣೆ
ಅಯ್ಯೋ 😄 ಏನಂದರು?

ಮಗಳ_ಅಪ್ಪ
ನೆಕ್ಕಿ ನೋಡುವ ಹಾಗಿಲ್ಲ ಅಂದರು.

ಉಪ್ಪುನೀರು
ಕೆತ್ತನೆಯ ಫೋಟೋ ಇದ್ದರೆ ಹಾಕಿ ಮಾರಾಯ್ರೆ. ಬಡಗಿ ಕೆಲಸ ಮಾಡುವ ನಮ್ಮ ಭಾವ ಹಲಗೆಯ ಜೋಡಣೆ ಹತ್ತಿರದಿಂದ ನೋಡಬೇಕು ಅಂತ ಎರಡು ದಿನದಿಂದ ತಲೆ ತಿನ್ನುತ್ತಿದ್ದಾರೆ.